ಪ್ರಶಸ್ತಿ ಬೇರೆ, ಫೆಲೋಶಿಪ್ ಬೇರೆ, ಪ್ರಾಜೆಕ್ಟ್ ದುಡ್ಡು ಬೇರೆ

ಪೇಪರಿನ ಒಳಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತದೆ. ಧಾರವಾಡದ ಇಂಥ ಪ್ರಾಧ್ಯಾಪಕರಿಗೆ ಇಷ್ಟು ಲಕ್ಷ ರೂಪಾಯಿ ಸಂಶೋಧನಾ ಅನುದಾನ, ಪಕ್ಕದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊ. ಓದಿದವರು ಆ ದುಡ್ಡು ಪ್ರಾಧ್ಯಾಪಕರ ಖಾತೆಗೆ ಬಿತ್ತು ಅಂತಲೇ ತಿಳಿಯುತ್ತಾರೆ. ನನಗೆ ಮೊದಲ ಸಲ ಒಂದು ಸಣ್ಣ ಪ್ರಾಜೆಕ್ಟ್ ಸಿಕ್ಕಾಗ ನಮ್ಮವ್ವ ಕೇಳಿದ್ದು ಇಷ್ಟೇ: "ಮನಿ ಸಾಲ ತೀರತೈತೇನಪಾ?" ಲಕ್ಕುಂಡಿಯ ಹಳೆಯ ಬಾವಿಗಳ ಬಗ್ಗೆ ಕೆಲಸ ಮಾಡಲು ಸಿಕ್ಕ ಒಂದೂವರೆ ಲಕ್ಷ ಅದು. ಅದರಲ್ಲಿ ಒಂದು ರೂಪಾಯಿಯೂ ಮನೆಗೆ ಬರುವುದಿಲ್ಲ ಅಂತ ತಿಳಿಸಿ ಹೇಳಲು ಅರ್ಧ ತಾಸು ಬೇಕಾಯಿತು. ಎಲ್ಲ ಕೇಳಿಸಿಕೊಂಡು ಅವಳು, "ಹಂಗಾದ್ರ ನಿನಗೇನು ಬಂತು?" ಅಂದಳು.

ಆ ಪ್ರಶ್ನೆಯನ್ನು ನಾನು ಇವತ್ತಿಗೂ ಮರೆತಿಲ್ಲ. ನಾನು ಗದಗ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಭಾಗದಲ್ಲಿ ವಿಶ್ವವಿದ್ಯಾಲಯಗಳಿಗೆ ಕೊರತೆ ಇಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಐಐಐಟಿ. ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ. ಎಲ್ಲವೂ ಎರಡು ಮೂರು ತಾಸಿನ ದಾರಿಯೊಳಗೆ. ಆದರೂ ನಮ್ಮ ಸ್ಟಾಫ್ ರೂಮುಗಳಲ್ಲಿ ಸಂಶೋಧನೆಯ ದುಡ್ಡಿನ ವಿಷಯ ಬಂದರೆ ಮಾತು ಗೋಜಲಾಗುತ್ತದೆ. ಅವಾರ್ಡು, ಫೆಲೋಶಿಪ್ಪು, ಗ್ರ್ಯಾಂಟು ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಮಾತಾಡುತ್ತೇವೆ. ಹಾಗಾಗಿಯೇ ತಪ್ಪು ಕಡೆ ಅರ್ಜಿ ಹಾಕುತ್ತೇವೆ, ಸರಿಯಾದದ್ದನ್ನು ಕೈಬಿಡುತ್ತೇವೆ.

ಮೂರೂ ಒಂದೇ ಅಲ್ಲ

ಪ್ರಶಸ್ತಿ ಹಿಂದೆ ತಿರುಗಿ ನೋಡುತ್ತದೆ. ಮಾಡಿ ಮುಗಿಸಿದ ಕೆಲಸಕ್ಕೆ ಸಿಗುವ ಮನ್ನಣೆ ಅದು. ಧಾರವಾಡದವರಿಗೆ ಕನ್ನಡ ನಿಘಂಟು ಮಾಡಿದ ಪಾದ್ರಿ ಕಿಟೆಲ್ ಅವರ ಕತೆ ಗೊತ್ತೇ ಇದೆ. ಅವರು ಬಾಸೆಲ್ ಮಿಷನ್ ಪರವಾಗಿ ಭಾರತಕ್ಕೆ ಬಂದದ್ದು 1853ರಲ್ಲಿ. ಕನ್ನಡ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1896ರಲ್ಲಿ. ಅಂದರೆ ಮರ್ಯಾದೆ ಬರುವಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು. ಆ ಡಾಕ್ಟರೇಟಿನಿಂದ ನಿಘಂಟಿಗೆ ಒಂದು ಪದವೂ ಸೇರಲಿಲ್ಲ. ನಿಘಂಟು ಆಗಲು ಬೇಕಾದದ್ದು ಅದಕ್ಕೂ ಹಿಂದಿನ ವರ್ಷಗಳಲ್ಲಿ ಹೊಟ್ಟೆಗೆ ಅನ್ನ, ಕೂತು ಬರೆಯಲು ಬಿಡುವು. ಅದನ್ನು ಕೊಟ್ಟದ್ದು ಮಿಷನ್.

ಗ್ರ್ಯಾಂಟ್, ಅಂದರೆ ನಾವು ಪ್ರಾಜೆಕ್ಟ್ ದುಡ್ಡು ಅನ್ನುವುದು, ಮುಂದೆ ಮಾಡುವ ಕೆಲಸದ ಖರ್ಚಿಗೆ. ಯಂತ್ರ, ರಾಸಾಯನಿಕ, ಓಡಾಟ, ಸಹಾಯಕರ ಸಂಬಳ. ಅದು ಸಂಶೋಧಕರಿಗೆ ಸೇರಿದ್ದಲ್ಲ, ಕೆಲಸಕ್ಕೆ ಸೇರಿದ್ದು.

ಫೆಲೋಶಿಪ್ ಇವೆರಡರ ನಡುವಿನದು. ಅದು ಒಬ್ಬ ಮನುಷ್ಯನಿಗೆ ಸಮಯ ಕೊಡುತ್ತದೆ. ಇಷ್ಟು ತಿಂಗಳು ಬೇರೆ ಚಿಂತೆ ಬಿಟ್ಟು ಇದೊಂದನ್ನೇ ಮಾಡು, ನಿನ್ನ ಊಟ ವಸತಿ ನಾವು ನೋಡಿಕೊಳ್ಳುತ್ತೇವೆ ಅನ್ನುವ ಮಾತು ಅದು. ನನ್ನ ಪ್ರಕಾರ ನಮ್ಮ ಕಾಲೇಜು ಅಧ್ಯಾಪಕರಿಗೆ ಅತಿ ಜಾಸ್ತಿ ಬೇಕಾಗಿರುವುದು ಇದೇ. ದುಡ್ಡಿನ ಕೊರತೆ ಎರಡನೆಯದು.

ಯಾಕೆ ಹೀಗೆ ಹೇಳುತ್ತೇನೆ? ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ತಾಸು ಪಾಠ ಮಾಡಬೇಕು, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ತಾಸು. ಕಾಗದದ ಮೇಲೆ ಇದು ಕಡಿಮೆ ಅನ್ನಿಸುತ್ತದೆ. ಆದರೆ ಪದವಿ ಕಾಲೇಜಿನಲ್ಲಿ ಪಾಠದ ಜೊತೆ ಇಂಟರ್ನಲ್ ಮಾರ್ಕ್ಸ್, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಫೈಲು, ಸ್ಕಾಲರ್‌ಶಿಪ್ ಅರ್ಜಿಗಳ ಪರಿಶೀಲನೆ, ವ್ಯಾಲ್ಯುಯೇಶನ್, ಚುನಾವಣೆ ಬಂದರೆ ಅದರ ಡ್ಯೂಟಿ. ವಾರದಲ್ಲಿ ಎರಡು ತಾಸು ಒಟ್ಟಿಗೆ ಸಿಗುವುದು ಕಷ್ಟ. ಶಾಸನ ಓದುವುದಿರಲಿ, ಪ್ರಯೋಗ ಮಾಡುವುದಿರಲಿ, ಎರಡೆರಡು ತಾಸಿನ ತುಂಡುಗಳಲ್ಲಿ ಆಗುವ ಕೆಲಸ ಅಲ್ಲ ಅದು.

ಪ್ರಾಜೆಕ್ಟ್ ದುಡ್ಡು ಹೇಗೆ ನಡೆಯುತ್ತದೆ

ಮೊದಲು ಎಲ್ಲರಿಗೂ ಗೊಂದಲ ಇರುವ ಪ್ರಾಜೆಕ್ಟ್ ದುಡ್ಡಿನ ವಿಷಯ. ನಿಮ್ಮ ಅರ್ಜಿ ಒಪ್ಪಿಗೆಯಾದರೆ ಒಂದು ಸ್ಯಾಂಕ್ಷನ್ ಆರ್ಡರ್ ಬರುತ್ತದೆ. ಅದರಲ್ಲಿ ನಿಮ್ಮ ಹೆಸರು ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ ಅಂತ ಇರುತ್ತದೆ. ಎಲ್ಲರೂ ಪಿಐ ಅನ್ನುತ್ತಾರೆ. ದುಡ್ಡು ಬರುವುದು ಸಂಸ್ಥೆಯ ಲೆಕ್ಕಕ್ಕೆ. ಅದನ್ನು ಮೊದಲೇ ತಲೆಬರಹಗಳಾಗಿ ಹಂಚಿರುತ್ತಾರೆ: ಉಪಕರಣ, ಸಿಬ್ಬಂದಿ, ಬಳಕೆ ವಸ್ತು, ಪ್ರಯಾಣ, ಕಂಟಿಂಜೆನ್ಸಿ ಅಂದರೆ ಚಿಲ್ಲರೆ ಖರ್ಚು. ಕರೆಂಟು, ಕಟ್ಟಡ, ಆಫೀಸು ಬಳಸಿದ್ದಕ್ಕೆ ಸಂಸ್ಥೆಗೆ ಓವರ್‌ಹೆಡ್ ಅಂತ ಒಂದು ಪಾಲು. ಪ್ರಯಾಣದ ದುಡ್ಡು ಉಳಿಯಿತು ಅಂತ ಅದರಲ್ಲಿ ಕಂಪ್ಯೂಟರ್ ತರುವ ಹಾಗಿಲ್ಲ. ಒಂದು ಹೆಡ್‌ನಿಂದ ಇನ್ನೊಂದಕ್ಕೆ ದಾಟಿಸಲು ದುಡ್ಡು ಕೊಟ್ಟವರ ಒಪ್ಪಿಗೆ ಬೇಕು. ಪಿಐಗೆ ಸಂಬಳ ಇಲ್ಲ. ಅವರ ಸಂಬಳ ಅವರ ಕಾಲೇಜಿನದೇ.

ದುಡ್ಡು ಒಂದೇ ಸಲ ಬರುವುದೂ ಇಲ್ಲ. ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಖರ್ಚಿನ ಲೆಕ್ಕ ಮತ್ತು ಯುಟಿಲೈಸೇಶನ್ ಸರ್ಟಿಫಿಕೇಟ್ ಕಳಿಸಿದ ಮೇಲೆಯೇ ಎರಡನೆಯದು. ಯುಸಿ ಅಂತ ಎಲ್ಲರೂ ಕರೆಯುವ ಈ ಪತ್ರಕ್ಕೆ ಕೇಂದ್ರ ಸರ್ಕಾರದ ನಿಯಮದಲ್ಲಿ ಜಿಎಫ್‌ಆರ್ 12-ಎ ಅಂತ ಒಂದು ನಮೂನೆ ಇದೆ. ಅನುದಾನದ ಮೇಲೆ ಬ್ಯಾಂಕಿನಲ್ಲಿ ಬಡ್ಡಿ ಬಂದಿದ್ದರೆ ಅದನ್ನೂ ಸರ್ಕಾರಕ್ಕೆ ವಾಪಸ್ ಕಟ್ಟಬೇಕು.

ಈ ಯುಸಿಯಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನನ್ನ ಪ್ರಾಜೆಕ್ಟಿನ ಮೊದಲ ವರ್ಷದ ಬಿಲ್ಲುಗಳನ್ನೆಲ್ಲ ಸಮಯಕ್ಕೆ ಕೊಟ್ಟಿದ್ದೆ. ಆಗ ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಆಫೀಸಿನಲ್ಲಿ ಆ ಫೈಲು ಏಳು ತಿಂಗಳು ಒಂದೇ ಟೇಬಲ್ಲಿನ ಮೇಲೆ ಕೂತಿತು. ಸಹಿ ಆಗುವಷ್ಟರಲ್ಲಿ ಹಣಕಾಸು ವರ್ಷ ಮುಗಿದಿತ್ತು, ಎರಡನೆಯ ಕಂತು ಬರಲೇ ಇಲ್ಲ. ಬಾವಿಗಳ ಅಳತೆ ತೆಗೆಯಲು ಇಟ್ಟುಕೊಂಡಿದ್ದ ಹುಡುಗನಿಗೆ ಮೂರು ತಿಂಗಳ ಸಂಬಳ ನನ್ನ ಕೈಯಿಂದ ಕೊಟ್ಟೆ. ಅವನು ಹೊಲದ ಮನೆಯವನು, ಅವನಿಗೆ ಕಾಯುವ ಶಕ್ತಿ ಇರಲಿಲ್ಲ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ: ಪ್ರಾಜೆಕ್ಟ್ ಸಿಕ್ಕ ದಿನವೇ ಆಫೀಸಿನಲ್ಲಿ ಲೆಕ್ಕ ನೋಡುವವರ ಹತ್ತಿರ ಹೋಗಿ ಕೂತು ಮಾತಾಡಿ. ಯಾವ ಬಿಲ್ಲು ಹೇಗಿರಬೇಕು, ಯಾರ ಸಹಿ ಬೇಕು, ಯಾವ ತಿಂಗಳಲ್ಲಿ ಬೇಕು ಅಂತ ಬರೆದುಕೊಳ್ಳಿ. ಅವರನ್ನು ಪ್ರಾಜೆಕ್ಟಿನ ಒಳಗಿನವರು ಅಂತ ನಡೆಸಿಕೊಳ್ಳಿ.

ಹಾಗಂತ ಇಂಥ ದುಡ್ಡು ಬೇಡ ಅಂತಲ್ಲ. ಕೆಲವು ಕೆಲಸ ಇದಿಲ್ಲದೆ ಆಗುವುದೇ ಇಲ್ಲ. ವರಲಕ್ಷ್ಮಿ ಹತ್ತಿ ನೆನಪಿದೆಯಲ್ವಾ? ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಡಾ. ಬಿ. ಎಚ್. ಕಟಾರ್ಕಿ ಅವರು ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ತಳಿ. ಹಾವೇರಿ, ಗದಗ ಕಡೆಯ ಹಿರಿಯ ರೈತರು ಆ ಹೆಸರನ್ನು ಇನ್ನೂ ಹೇಳುತ್ತಾರೆ. ಹತ್ತಿ ವರ್ಷಕ್ಕೆ ಒಂದು ಬೆಳೆ. ಒಂದು ಹೈಬ್ರಿಡ್ ನಿಲ್ಲಬೇಕಾದರೆ ಎಷ್ಟು ಹಂಗಾಮು ಬೇಕು ಲೆಕ್ಕ ಹಾಕಿ. ಹೊಲ, ಕೂಲಿ, ಬೀಜ, ದಾಖಲೆ ಎಲ್ಲಕ್ಕೂ ವರ್ಷಾನುಗಟ್ಟಲೆ ಯಾರೋ ದುಡ್ಡು ಹಾಕುತ್ತಲೇ ಇರಬೇಕು. ಎರಡು ವರ್ಷದ ಪ್ರಾಜೆಕ್ಟಿನಲ್ಲಿ ಇಂಥದ್ದು ಹುಟ್ಟುವುದಿಲ್ಲ.

ವಿಜ್ಞಾನದವರಿಗೆ ಇರುವ ದಾರಿ

ವಿಜ್ಞಾನ, ಎಂಜಿನಿಯರಿಂಗ್ ಪ್ರಾಜೆಕ್ಟುಗಳಿಗೆ ಹಲವು ವರ್ಷ ಸರ್ಬ್ ಎಂಬ ಮಂಡಳಿ ದುಡ್ಡು ಕೊಡುತ್ತಿತ್ತು. 2023ರ ಕಾಯ್ದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು, ಎಎನ್‌ಆರ್‌ಎಫ್ ಅಂತ ಕರೆಯುತ್ತಾರೆ. 2024ರ ಫೆಬ್ರವರಿಯಲ್ಲಿ ಕಾಯ್ದೆ ಜಾರಿಯಾಯಿತು, ಸರ್ಬ್ ಅದರೊಳಗೆ ಸೇರಿಹೋಯಿತು. ಹಳೆಯ ಯೋಜನೆಗಳ ಹೆಸರು ಬದಲಾಗಿವೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದ್ದ ಸಣ್ಣ ಅನುದಾನದ ಜಾಗದಲ್ಲಿ ಈಗ ಪ್ರೈಮ್ ಮಿನಿಸ್ಟರ್ ಅರ್ಲಿ ಕರಿಯರ್ ರಿಸರ್ಚ್ ಗ್ರ್ಯಾಂಟ್ ಇದೆ. ಹಾಗಾಗಿ ಹಿರಿಯರು ಹೇಳುವ ಹಳೆಯ ಹೆಸರು ಹುಡುಕಿ ಸಿಗದಿದ್ದರೆ ಯೋಜನೆ ನಿಂತಿತು ಅಂದುಕೊಳ್ಳಬೇಡಿ.

ಸರ್ಬ್ ಕಾಲದ ಒಂದು ಯೋಜನೆ ನನಗೆ ತುಂಬಾ ಇಷ್ಟ. ಅದರ ಹೆಸರು ಟೇರ್, ಅಂದರೆ ಟೀಚರ್ಸ್ ಅಸೋಸಿಯೇಟ್‌ಶಿಪ್ ಫಾರ್ ರಿಸರ್ಚ್ ಎಕ್ಸಲೆನ್ಸ್. ರಾಜ್ಯ ವಿಶ್ವವಿದ್ಯಾಲಯ, ಕಾಲೇಜು, ಖಾಸಗಿ ಸಂಸ್ಥೆಗಳಲ್ಲಿ ಕಾಯಂ ಆಗಿ ಪಾಠ ಮಾಡುವ, ಪಿಎಚ್‌.ಡಿ. ಆದ ಅಧ್ಯಾಪಕರು ಐಐಟಿ, ಐಐಎಸ್‌ಸಿ, ರಾಷ್ಟ್ರೀಯ ಪ್ರಯೋಗಾಲಯದಂಥ ಕಡೆ ಹೋಗಿ ಅಲ್ಲಿನವರ ಜೊತೆ ಅರೆಕಾಲಿಕವಾಗಿ ಸಂಶೋಧನೆ ಮಾಡಬಹುದು. ತಮ್ಮ ಕೆಲಸ ಬಿಡಬೇಕಾಗಿಲ್ಲ. ಮೂರು ವರ್ಷ, ವರ್ಷಕ್ಕೆ 5 ಲಕ್ಷ ಸಂಶೋಧನೆಗೆ. ಅದನ್ನು ಎರಡೂ ಸಂಸ್ಥೆಗಳಿಗೆ ಅರ್ಧರ್ಧ ಹಂಚುತ್ತಿದ್ದರು. ಅಧ್ಯಾಪಕರಿಗೆ ವರ್ಷಕ್ಕೆ 60 ಸಾವಿರ. ನಮ್ಮ ಭಾಗಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಧಾರವಾಡ ಐಐಟಿ 2016ರಲ್ಲಿ ನೆಲ ಜಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಯ ಕ್ಯಾಂಪಸ್ಸಿನಲ್ಲಿ ಶುರುವಾಯಿತು, ಈಗ ಚಿಕ್ಕಮಲ್ಲಿಗವಾಡದಲ್ಲಿ ಸ್ವಂತ ಜಾಗದಲ್ಲಿದೆ. ಗದಗದ ಒಬ್ಬ ಭೌತಶಾಸ್ತ್ರದ ಮೇಡಂ ಬೆಳಿಗ್ಗೆ ರೈಲು ಹತ್ತಿ ಧಾರವಾಡಕ್ಕೆ ಹೋಗಿ, ಅಲ್ಲಿನ ಲ್ಯಾಬಿನಲ್ಲಿ ದಿನವಿಡೀ ಕೆಲಸ ಮಾಡಿ, ರಾತ್ರಿ ಮನೆಗೆ ಬರಬಹುದು. ಮಕ್ಕಳನ್ನು ಬಿಟ್ಟು ಬೇರೆ ಊರಿಗೆ ಹೋಗಲಾಗದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಅವರನ್ನೇ ಕೇಳಬೇಕು.

ಇನ್ನೂ ಸಣ್ಣದೊಂದು ಇದೆ, ಬಹಳ ಜನರಿಗೆ ಗೊತ್ತಿಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಅದರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕೂಡ ಒಂದು. ಇದು ವಿದ್ಯಾರ್ಥಿಗಳಿಗೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಧ್ಯಾಪಕರಿಗೂ ಇದೆ. ಬೇಸಿಗೆಯಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ ಮಾಡಬಹುದು. ಮುಂದೆ ದೊಡ್ಡ ಅರ್ಜಿಗೆ ಬೇಕಾಗುವ ಪರಿಚಯ, ಧೈರ್ಯ ಎರಡೂ ಅಲ್ಲಿ ಸಿಗುತ್ತವೆ.

ಯುಜಿಸಿ 2022ರ ಶಿಕ್ಷಕರ ದಿನದಂದು ಕೆಲವು ಯೋಜನೆ ಪ್ರಕಟಿಸಿತು. ಹೊಸದಾಗಿ ನೇಮಕವಾದವರಿಗೆ ಡಿ. ಎಸ್. ಕೊಠಾರಿ ಹೆಸರಿನ ಅನುದಾನ, ಸೇವೆಯಲ್ಲಿರುವವರಿಗೆ ಇನ್ನೊಂದು. ಎರಡರಲ್ಲೂ ಎರಡು ವರ್ಷಕ್ಕೆ 10 ಲಕ್ಷ. ನಿವೃತ್ತರಾದ ಮೇಲೂ ಕೆಲಸ ಮುಂದುವರಿಸುವವರಿಗೆ ತಿಂಗಳಿಗೆ 50 ಸಾವಿರದ ಫೆಲೋಶಿಪ್, ಒಟ್ಟು 100 ಸೀಟು. ಕೇಳಲು ಚೆನ್ನಾಗಿದೆ. ಆದರೆ ಸೇವೆಯಲ್ಲಿರುವವರ ಅನುದಾನಕ್ಕೆ ಇಟ್ಟ ಷರತ್ತು ನೋಡಿ: 5 ಜನ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಪಿಎಚ್‌.ಡಿ. ಮಾಡಿಸಿರಬೇಕು, ಕನಿಷ್ಠ 2 ಪ್ರಾಜೆಕ್ಟ್ ಮುಗಿಸಿರಬೇಕು. ಪದವಿ ಕಾಲೇಜಿನವರಿಗೆ ಎಷ್ಟೋ ಸಲ ಗೈಡ್‌ಶಿಪ್ಪೇ, ಅಂದರೆ ಪಿಎಚ್‌.ಡಿ. ಮಾಡಿಸುವ ಮಾನ್ಯತೆಯೇ, ಸಿಗುವುದಿಲ್ಲ. ಐದು ಜನರನ್ನು ಎಲ್ಲಿಂದ ತರುವುದು? ಈಗಾಗಲೇ ಸಿಕ್ಕವರಿಗೇ ಮತ್ತೆ ಸಿಗುವ ಹಾಗೆ ಇಂಥ ಷರತ್ತುಗಳು ಮಾಡುತ್ತವೆ. ಇದು ಸರಿಯಲ್ಲ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಕನ್ನಡ, ಇತಿಹಾಸ, ಜಾನಪದದವರಿಗೆ

ನಮ್ಮ ಕಡೆ ಈ ವಿಷಯಗಳ ಕೆಲಸಕ್ಕೆ ಹಳೆಯ ಬೇರು ಇದೆ. ಧಾರವಾಡದಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಶುರುವಾದದ್ದು 1939ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ಹತ್ತು ವರ್ಷ ಮೊದಲೇ. ಹಾಗಿದ್ದರೂ "ನಮ್ಮ ಸಬ್ಜೆಕ್ಟಿಗೆ ಏನೂ ಇಲ್ಲ ಬಿಡ್ರಿ" ಅನ್ನುವ ಮಾತು ಕೇಳುತ್ತಲೇ ಇರುತ್ತೇನೆ. ಇದೆ. ಸಮಾಜ ವಿಜ್ಞಾನಕ್ಕೆ 1969ರಲ್ಲಿ ಶುರುವಾದ ಐಸಿಎಸ್‌ಎಸ್‌ಆರ್ ಇದೆ, ಇತಿಹಾಸಕ್ಕೆ ಐಸಿಎಚ್‌ಆರ್ ಇದೆ. ಎರಡೂ ಪ್ರಾಜೆಕ್ಟನ್ನೂ ಕೊಡುತ್ತವೆ, ಫೆಲೋಶಿಪ್ಪನ್ನೂ ಕೊಡುತ್ತವೆ.

ಆದರೆ ನಾನು ಎಲ್ಲರಿಗೂ ಮೊದಲು ಹೇಳುವುದು ಶಿಮ್ಲಾ ಬಗ್ಗೆ. ಅಲ್ಲಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಸ್ಟಡಿ ಇರುವುದು ಬ್ರಿಟಿಷ್ ವೈಸರಾಯ್ ಬೇಸಿಗೆ ಕಳೆಯುತ್ತಿದ್ದ ಬಂಗಲೆಯಲ್ಲಿ. ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಆ ಕಟ್ಟಡವನ್ನು ಓದು ಬರಹಕ್ಕೆ ಬಿಟ್ಟುಕೊಟ್ಟರು, 1965ರಲ್ಲಿ ಉದ್ಘಾಟಿಸಿದರು. ಅಲ್ಲಿನ ಫೆಲೋಗಳು ಗರಿಷ್ಠ ಎರಡು ವರ್ಷ ಇದ್ದು ಒಂದು ಪುಸ್ತಕದ ಹಸ್ತಪ್ರತಿ ಮುಗಿಸಿ ಕೊಡಬೇಕು. ಪಾಠ ಇಲ್ಲ, ಪರೀಕ್ಷೆ ಇಲ್ಲ. ಗ್ರಂಥಾಲಯ, ಒಂದು ಕೋಣೆ, ವಾರದ ಸೆಮಿನಾರು.

ಎರಡು ವರ್ಷ ಮನೆ ಬಿಟ್ಟು ಹೋಗುವುದು ಎಲ್ಲರಿಗೂ ಆಗುವುದಿಲ್ಲ. ಅಂಥವರಿಗೆ ಅದೇ ಸಂಸ್ಥೆಯಲ್ಲಿ ಅಸೋಸಿಯೇಟ್‌ಶಿಪ್ ಅಂತ ಇನ್ನೊಂದು ಇದೆ. ಕಾಲೇಜು, ವಿಶ್ವವಿದ್ಯಾಲಯದ ಅಧ್ಯಾಪಕರು ವರ್ಷಕ್ಕೆ ಒಂದು ತಿಂಗಳಂತೆ ಮೂರು ವರ್ಷ ಅಲ್ಲಿ ಹೋಗಿ ಇರಬಹುದು. ರಜೆಯ ದಿನ ನೋಡಿಕೊಂಡು ಹೋದರೆ ಕಾಲೇಜಿಗೂ ತೊಂದರೆ ಇಲ್ಲ. ಒಂದು ತಿಂಗಳಲ್ಲಿ ಏನಾಗುತ್ತದೆ ಅಂತ ಕೇಳಬೇಡಿ. ಮೂವತ್ತು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರೂ ಕರೆಯದೆ ಕೂತರೆ, ನಮ್ಮ ಕಾಲೇಜಿನ ಎರಡು ಸೆಮಿಸ್ಟರಿನಷ್ಟು ಓದು ಆಗುತ್ತದೆ.

ಕನ್ನಡದಲ್ಲೇ ಕೆಲಸ ಮಾಡುವವರಿಗೆ ಎರಡು ದಾರಿ ಬೆಂಗಳೂರಿನಲ್ಲಿವೆ. ನ್ಯೂ ಇಂಡಿಯಾ ಫೌಂಡೇಶನ್ ಅನುವಾದದ ಫೆಲೋಶಿಪ್ ಕೊಡುತ್ತದೆ. 1850ರ ನಂತರ ಬಂದ ಕತೆ ಕಾದಂಬರಿಯಲ್ಲದ ಒಂದು ಮುಖ್ಯ ಕೃತಿಯನ್ನು ಇಂಗ್ಲಿಷಿಗೆ ತರಲು ಆರು ತಿಂಗಳಿಗೆ 6 ಲಕ್ಷ ರೂಪಾಯಿ. ಹತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಇನ್ನೊಂದು ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್. ಕಲೆ, ಸಂಗೀತ, ರಂಗಭೂಮಿ, ಜನಪದದ ಸಂಶೋಧನೆಗೆ ಅನುದಾನ ಕೊಡುತ್ತದೆ, ಅರ್ಜಿಯನ್ನು ಭಾರತೀಯ ಭಾಷೆಯಲ್ಲೇ ಬರೆಯಬಹುದು. ಧಾರವಾಡದ ಹಿಂದೂಸ್ತಾನಿ ಮನೆತನಗಳು, ನವಲಗುಂದದ ಜಮಖಾನೆ, ಕಸೂತಿ, ಹಾವೇರಿ ಕಡೆಯ ಬಯಲಾಟ, ಡೊಳ್ಳಿನ ಪದ. ಇವುಗಳ ಬಗ್ಗೆ ಇಲ್ಲಿಯವರೇ ಕೇಳಬೇಕಾದ ಪ್ರಶ್ನೆ ಎಷ್ಟಿಲ್ಲ!

ಹೊರದೇಶದ ಮಾತು ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರೂ ಇದೆ. ಅದನ್ನು ನಡೆಸುವ ಸಂಸ್ಥೆ 1950ರಿಂದ ಇದೆ, 2008ರ ಒಪ್ಪಂದದ ನಂತರ ಎರಡೂ ಸರ್ಕಾರಗಳು ಖರ್ಚು ಹಂಚಿಕೊಳ್ಳುತ್ತವೆ. ಜರ್ಮನಿಗೆ ಹಂಬೋಲ್ಟ್ ಮತ್ತು ಡಾಡ್ (DAAD) ಫೆಲೋಶಿಪ್ಪುಗಳು. ಬ್ರಿಟನ್ನಿಗೆ ಸಣ್ಣ ಅವಧಿಯ ಚಾರ್ಲ್ಸ್ ವಾಲೇಸ್. ನಮ್ಮ ಊರಿನದೇ ಒಂದು ನಂಟೂ ಇದೆ. ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಕುಲಪತಿ ಡಿ. ಸಿ. ಪಾವಟೆ ಅವರು ಓದಿದ್ದು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ. ಅವರ ಹೆಸರಿನ ಫೆಲೋಶಿಪ್ ಇಂದಿಗೂ ನಮ್ಮವರನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಇಂಗ್ಲಿಷ್ ಚೆನ್ನಾಗಿ ಬರಲ್ಲ ಅಂತ ಹೆದರಿ ಅರ್ಜಿಯನ್ನೇ ಹಾಕದವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅವರ ಕ್ಷೇತ್ರದ ತಿಳಿವಳಿಕೆ ಬೇರೆ ಯಾರಲ್ಲೂ ಇರುವುದಿಲ್ಲ.

ರಜೆ ಸಿಗುತ್ತದೆಯೇ?

ಫೆಲೋಶಿಪ್ ಸಿಕ್ಕರೂ ಕಾಲೇಜು ಬಿಡಬೇಕಲ್ಲ. ಅರ್ಧ ಜನ ಸೋಲುವುದು ಇಲ್ಲೇ. 2018ರ ಯುಜಿಸಿ ನಿಯಮದಲ್ಲಿ ಎರಡು ಬಗೆಯ ರಜೆ ಇದೆ. ಒಂದು ಅಧ್ಯಯನ ರಜೆ. ಅದನ್ನು ತೆಗೆದುಕೊಂಡವರು ವಾಪಸ್ ಬಂದು ಇಷ್ಟು ವರ್ಷ ಅಲ್ಲೇ ಕೆಲಸ ಮಾಡುತ್ತೇನೆ ಅಂತ ಬಾಂಡ್ ಬರೆದುಕೊಡಬೇಕು. ಇನ್ನೊಂದು ಸಬ್ಯಾಟಿಕಲ್, ಓದು ಬರಹಕ್ಕೆ ಸಿಗುವ ದೀರ್ಘ ರಜೆ. ಸಹ ಪ್ರಾಧ್ಯಾಪಕರು ಅಥವಾ ಪ್ರಾಧ್ಯಾಪಕರಾಗಿ ಏಳು ವರ್ಷ ಮುಗಿಸಿದವರಿಗೆ ಒಂದು ಸಲಕ್ಕೆ ಒಂದು ವರ್ಷದವರೆಗೆ, ಇಡೀ ಸೇವೆಯಲ್ಲಿ ಎರಡು ವರ್ಷದವರೆಗೆ.

ನಿಯಮ ಇದ್ದರೂ ಪಾಠ ಯಾರು ಮಾಡಬೇಕು ಅನ್ನುವ ಪ್ರಶ್ನೆ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆಯೇ. ಎರಡೇ ಜನ ಇರುವ ವಿಭಾಗದಲ್ಲಿ ಒಬ್ಬರು ಹೋದರೆ ಇನ್ನೊಬ್ಬರ ಮೇಲೆ ಎಲ್ಲ ಬೀಳುತ್ತದೆ. ಹಾಗಾಗಿ ಅರ್ಜಿ ಹಾಕುವ ಮೊದಲೇ ಸಹೋದ್ಯೋಗಿಗಳ ಜೊತೆ, ಪ್ರಿನ್ಸಿಪಾಲರ ಜೊತೆ ಮಾತಾಡಿಕೊಳ್ಳಿ. ಈ ಸೆಮಿಸ್ಟರ್ ನಾನು ನಿಮ್ಮ ಎರಡು ಪೇಪರ್ ಮಾಡುತ್ತೇನೆ, ಮುಂದಿನದರಲ್ಲಿ ನೀವು ನನ್ನದು ಮಾಡಿ ಅನ್ನುವ ಒಪ್ಪಂದಗಳು ಸ್ಟಾಫ್ ರೂಮಿನಲ್ಲಿ ಆಗುತ್ತವೆ. ನೋ ಅಬ್ಜೆಕ್ಷನ್ ಪತ್ರಕ್ಕೆ ಕೊನೆಯ ದಿನ ಓಡಾಡಿದರೆ ಸಿಗುವುದಿಲ್ಲ.

ಅರ್ಜಿಯ ಬಗ್ಗೆ ಒಂದೇ ಮಾತು. "ಬ್ಯಾಡಗಿ ಮೆಣಸಿನಕಾಯಿ: ಒಂದು ಅಧ್ಯಯನ" ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಬ್ಯಾಡಗಿಯ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಅದರಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಾಗ ಎರಡರಲ್ಲಿ ಯಾವುದರ ಬಣ್ಣ ಬೇಗ ಇಳಿಯುತ್ತದೆ, ಯಾಕೆ ಅಂತ ಕೇಳಿ. ಆಗ ಅದು ಪ್ರಶ್ನೆ ಆಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆಯೂ ಹೀಗೆಯೇ. ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹಕ್ಕಿಗಳು ರಾತ್ರಿ ಸುತ್ತಲಿನ ಯಾವ ಹೊಲಕ್ಕೆ ಇಳಿಯುತ್ತವೆ, ಆ ಹೊಲದವರ ಬೆಳೆಗೆ ಏನಾಗುತ್ತದೆ? ಶಿರಹಟ್ಟಿ ಕಡೆಯ ಒಬ್ಬ ಅಧ್ಯಾಪಕರಿಗೆ ಇದು ಹೊಳೆಯುತ್ತದೆ. ದಿಲ್ಲಿಯಲ್ಲಿ ಕೂತವರಿಗೆ ಹೊಳೆಯುವುದಿಲ್ಲ. ಅದೇ ನಮ್ಮ ಬಲ.

ಪ್ರಶಸ್ತಿ, ಮತ್ತು ಪ್ರಶಸ್ತಿಯ ಹೆಸರಿನ ಅಂಗಡಿ

ದೊಡ್ಡ ಪ್ರಶಸ್ತಿಗಳು ನಿಮಗೆ ಗೊತ್ತಿರುತ್ತವೆ. 1958ರಿಂದ ಕೊಡುತ್ತಿದ್ದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯ ಜಾಗದಲ್ಲಿ ಈಗ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ವಿಜ್ಞಾನ ಯುವ ಎಂಬ ವಿಭಾಗ ಇದೆ, 45 ವರ್ಷದವರೆಗಿನವರಿಗೆ. 2024ರಲ್ಲಿ ಮೊದಲ ಸಲ ಕೊಟ್ಟರು. ಇನ್ಫೋಸಿಸ್ ಪ್ರಶಸ್ತಿಯ ಮೊತ್ತ 1 ಲಕ್ಷ ಡಾಲರ್, 2024ರಿಂದ 40 ವರ್ಷದೊಳಗಿನವರಿಗೆ. ಇವೆಲ್ಲ ಶಿಖರದ ಮೇಲಿನವು, ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಇಲ್ಲಿ ಜಾಸ್ತಿ ನಿಲ್ಲುವುದಿಲ್ಲ.

ನಿಲ್ಲಬೇಕಾದದ್ದು ಬೇರೆ ಕಡೆ. ವಾರಕ್ಕೊಂದು ಮೇಲ್ ಬರುತ್ತದೆ: ನಿಮ್ಮನ್ನು ಅಂತರರಾಷ್ಟ್ರೀಯ ಶ್ರೇಷ್ಠ ಸಂಶೋಧಕ ಪ್ರಶಸ್ತಿಗೆ ಆರಿಸಲಾಗಿದೆ, ನೋಂದಣಿ ಶುಲ್ಕ ಇಷ್ಟು ಸಾವಿರ ಕಟ್ಟಿ. ದುಡ್ಡು ಕಟ್ಟಿದವರಿಗೆಲ್ಲ ಶೀಲ್ಡು, ಶಾಲು, ಸರ್ಟಿಫಿಕೇಟು. ಯಾಕೆ ಇದು ಇಷ್ಟು ನಡೆಯುತ್ತದೆ? ಯುಜಿಸಿಯ 2018ರ ನಿಯಮದಲ್ಲಿ ಬಡ್ತಿಗೆ ಲೆಕ್ಕ ಹಾಕುವ ಸಂಶೋಧನಾ ಅಂಕಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಅಥವಾ ಫೆಲೋಶಿಪ್ಪಿಗೆ 7 ಅಂಕ, ರಾಷ್ಟ್ರೀಯಕ್ಕೆ 5 ಅಂಕ ಇದೆ. 10 ಲಕ್ಷಕ್ಕಿಂತ ಜಾಸ್ತಿಯ ಪ್ರಾಜೆಕ್ಟನ್ನು ವರ್ಷಾನುಗಟ್ಟಲೆ ದುಡಿದು ಮುಗಿಸಿದರೆ ಸಿಗುವುದು 10 ಅಂಕ, ಅದಕ್ಕಿಂತ ಕಡಿಮೆಯದಾದರೆ 5. ಎರಡನ್ನೂ ಪಕ್ಕಪಕ್ಕ ಇಟ್ಟರೆ ಶುಲ್ಕದ ಪ್ರಶಸ್ತಿಗೆ ಜನ ಯಾಕೆ ಹೋಗುತ್ತಾರೆ ಅಂತ ಅರ್ಥವಾಗುತ್ತದೆ. ಬಡ್ತಿ ನಿಂತು ಹೋದವರ ಕಷ್ಟ ನನಗೂ ಗೊತ್ತು. ಆದರೂ ಹೇಳುತ್ತೇನೆ, ಆರಿಸಿದ ಮೇಲೆ ದುಡ್ಡು ಕೇಳುವುದು ಪ್ರಶಸ್ತಿ ಅಲ್ಲ. ಆಯ್ಕೆ ಸಮಿತಿಯಲ್ಲಿ ಯಾರಿದ್ದಾರೆ, ಹಿಂದೆ ಯಾರಿಗೆ ಬಂದಿದೆ, ಅವರ ಕೆಲಸ ಏನು ಅಂತ ನೋಡಿ. ಒಂದು ಸಮಾರಂಭದಲ್ಲಿ ಐವತ್ತು ಜನರಿಗೆ ಒಂದೇ ಹೆಸರಿನ ಪ್ರಶಸ್ತಿ ಕೊಟ್ಟರೆ ಅಲ್ಲಿಗೆ ಮುಗಿಯಿತು.

ಅತಿಥಿ ಉಪನ್ಯಾಸಕರು ಎಲ್ಲಿ?

ಇಷ್ಟೆಲ್ಲ ಬರೆಯುವಾಗ ಒಂದು ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ಹೆಚ್ಚಿನ ಯೋಜನೆಗಳ ಅರ್ಹತೆಯ ಸಾಲಿನಲ್ಲಿ ಒಂದು ಪದ ಇರುತ್ತದೆ: ಕಾಯಂ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಎಷ್ಟೋ ಪಾಠಗಳನ್ನು ಮಾಡುತ್ತಿರುವವರು ಅತಿಥಿ ಉಪನ್ಯಾಸಕರು. ಪಿಎಚ್‌.ಡಿ. ಆಗಿರುತ್ತದೆ, ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆ ಆಗಿರುತ್ತದೆ, ಹತ್ತು ಹದಿನೈದು ವರ್ಷದ ಅನುಭವ ಇರುತ್ತದೆ. ಆದರೆ ಆ ಒಂದು ಪದದಿಂದ ಅರ್ಜಿಯ ಮೊದಲ ಪುಟದಲ್ಲೇ ಹೊರಗೆ ಉಳಿಯುತ್ತಾರೆ. ಪ್ರಾಜೆಕ್ಟ್ ನಡೆಯುವಾಗ ಪಿಐ ಅದೇ ಸಂಸ್ಥೆಯಲ್ಲಿ ಇರಬೇಕು, ಲೆಕ್ಕಕ್ಕೆ ಹೊಣೆಯಾಗಬೇಕು ಅನ್ನುವುದು ಕೊಡುವವರ ಕಾರಣ. ಕಾರಣ ಅರ್ಥವಾಗುತ್ತದೆ, ಆದರೆ ಅದರಿಂದ ಆಗುವ ನಷ್ಟ ಸಣ್ಣದಲ್ಲ.

ಅವರಿಗೆ ತೆರೆದಿರುವ ಬಾಗಿಲು ಕೆಲವಿವೆ. ಐಸಿಎಸ್‌ಎಸ್‌ಆರ್‌ನ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪಿಗೆ ಕಾಯಂ ನೌಕರಿ ಬೇಕಿಲ್ಲ. ಯುಜಿಸಿಯ ಡಾ. ರಾಧಾಕೃಷ್ಣನ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ 2022ರಲ್ಲಿ ಪ್ರಕಟವಾದಾಗ 900 ಸೀಟು ಇತ್ತು, ತಿಂಗಳಿಗೆ 50 ಸಾವಿರ. ಮದುವೆ, ಮಕ್ಕಳು, ಮನೆಯವರ ಕಾಯಿಲೆ ಅಂತ ವಿಜ್ಞಾನದ ಕೆಲಸ ನಡುವೆ ನಿಲ್ಲಿಸಿದ ಹೆಣ್ಣುಮಕ್ಕಳಿಗೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್ ಕಿರಣ್ ಯೋಜನೆ ಇದೆ. ಅದರಲ್ಲಿ ಕೆಲಸ ಬಿಟ್ಟ ವರ್ಷಗಳನ್ನು ತಪ್ಪು ಅಂತ ನೋಡುವುದಿಲ್ಲ, ಅದಕ್ಕಾಗಿಯೇ ಆ ಯೋಜನೆ ಮಾಡಿದ್ದಾರೆ. ಕಲೆ ಮತ್ತು ಅನುವಾದಕ್ಕೆ ದುಡ್ಡು ಕೊಡುವ, ಮೇಲೆ ಹೇಳಿದ ಬೆಂಗಳೂರಿನ ಎರಡು ಸಂಸ್ಥೆಗಳೂ ನೌಕರಿ ಕಾಯಂ ಇದೆಯಾ ಅಂತ ಕೇಳುವುದಿಲ್ಲ. ನಮ್ಮ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಇಬ್ಬರು ಅತಿಥಿ ಉಪನ್ಯಾಸಕರ ಜೊತೆ ಈ ತಿಂಗಳು ಪ್ರತಿ ಶನಿವಾರ ಮಧ್ಯಾಹ್ನ ಕೂರುತ್ತಿದ್ದೇನೆ. ಒಬ್ಬರದು ಬೆಟಗೇರಿ ನೇಕಾರರ ಹಾಡುಗಳು, ಇನ್ನೊಬ್ಬರದು ಅನುವಾದ. ಮೊದಲ ಪುಟ ಆಗಿದೆ. ಬಜೆಟ್ಟಿನ ಪುಟ ಬಾಕಿ ಇದೆ.